ಮೂರು ವರ್ಷ ಸ್ಟ್ರೇಟ್-ಥ್ರೂ ಸೈಲೆನ್ಸರ್ ಬಳಸಿದ ಮೇಲೆ

ಹಳೇ ಸೈಲೆನ್ಸರ್ ಚೆನ್ನಾಗೇ ಇತ್ತು. ಹೊಸದು ಸ್ಟ್ರೇಟ್-ಥ್ರೂ, ಅಂದರೆ ಹೊಗೆ ಒಳಗೆ ತಿರುವುಗಳಿಲ್ಲದೆ ನೇರವಾಗಿ ಹಾದುಹೋಗುವಂಥದ್ದು. ಅದರ ಡಬ್ಬದ ಮೇಲಿದ್ದ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹರಿಯುತ್ತದೆ ಅನ್ನುವ) ಸಂಖ್ಯೆಗೆ ಮರುಳಾಗಿ ಬದಲಾಯಿಸಿದೆ, ಅಷ್ಟೇ. ನನ್ನದು 1.6 ಲೀಟರ್ ಪೆಟ್ರೋಲ್ ಕಾರು.

ಯಾವ ಒತ್ತಡದಲ್ಲಿ ಅಳೆದಿದ್ದಾರೆ ಅಂತ ಡಬ್ಬದ ಮೇಲೆ ಇರಲಿಲ್ಲ. ಅದು ಗೊತ್ತಿಲ್ಲದೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಹರಿವು ಏರುವುದು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ. ಒಂದೇ ಸೈಲೆನ್ಸರನ್ನು ಫ್ಲೋ ಬೆಂಚ್ (ಗಾಳಿ ಹರಿಸಿ ಅಳೆಯುವ ಯಂತ್ರ) ಮೇಲೆ 15 ಇಂಚು ನೀರಿನ ಮಟ್ಟದಷ್ಟು ಒತ್ತಡದ ಬದಲು 28 ಇಂಚಿನಷ್ಟರಲ್ಲಿ ಅಳೆದರೆ ಸುಮಾರು 37% ಜಾಸ್ತಿ ತೋರಿಸುತ್ತದೆ. ಅದೂ ತಣ್ಣಗಿನ ಗಾಳಿಯಲ್ಲಿ, ಒಂದೇ ಸಮನೆ ಹರಿಸಿ. ಇಂಜಿನ್ ಬಿಡುವುದು ಬಿಸಿ ಹೊಗೆ, ಅದೂ ಬಡಿತ ಬಡಿತವಾಗಿ.

ಹಾಗಾಗಿ ಓಡುವ ಕಾರಿನ ಹೊಗೆ ಪೈಪಿನಲ್ಲಿ ಒತ್ತಡ ಎಷ್ಟಿದೆ ಅಂತ ನಾನೇ ಅಳೆದೆ. ಆ ಪೈಪಿಗೆ ಸಿಕ್ಕಿಸಿರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ತೂತಿಗೆ ಉದ್ದದ ಉಕ್ಕಿನ ಕೊಳವೆ, ಅದರ ತುದಿಗೆ ರಬ್ಬರ್ ಪೈಪ್, ಆಮೇಲೆ 0–5 ಪಿಎಸ್‌ಐ (ಒತ್ತಡದ ಅಳತೆ) ಗೇಜ್. ರಬ್ಬರನ್ನು ನೇರವಾಗಿ ಸಿಕ್ಕಿಸಿದರೆ ಕರಗಿ ಹೋಗುತ್ತದೆ. ಚೆಕ್ ಇಂಜಿನ್ ದೀಪ ಹತ್ತಿತು, ಆಮೇಲೆ ಸ್ಕ್ಯಾನರ್ ಹಾಕಿ ಅಳಿಸಿದೆ. ಮೂರನೇ ಗೇರ್, ಪೂರ್ತಿ ಆಕ್ಸಿಲರೇಟರ್, 6000 ಆರ್‌ಪಿಎಂ. ಪಕ್ಕದಲ್ಲಿ ಕೂತ ಗೆಳೆಯ ಗೇಜ್ ಓದಿದ.

ಹಳೆಯದರಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ಮುಂದೆ 2.6, ಅದರ ಹಿಂದೆ 1.2. ಹೊಸದರಲ್ಲಿ 2.0 ಮತ್ತು 0.5. ಅಂದರೆ ಸೈಲೆನ್ಸರ್ ಬದಲಾಯಿಸಿ ಉಳಿಸಿದ್ದು ಮುಕ್ಕಾಲು ಪಿಎಸ್‌ಐ ಕೂಡ ಇಲ್ಲ. ಅರ್ಧಕ್ಕಿಂತ ಜಾಸ್ತಿ ತಡೆ ಕನ್ವರ್ಟರ್‌ನಲ್ಲೇ ಇತ್ತು, ಅದನ್ನು ನಾನು ಮುಟ್ಟುವ ಹಾಗಿಲ್ಲ. ಸ್ಟಾಪ್‌ವಾಚ್ ಹಿಡಿದು ಪಿಕಪ್ ನೋಡಿದೆ. ಎರಡು ಓಟಗಳ ನಡುವೆ ಹೇಗೂ ಬರುವ ವ್ಯತ್ಯಾಸಕ್ಕಿಂತ ಹೆಚ್ಚೇನೂ ಕಾಣಲಿಲ್ಲ. ಮೈಲೇಜ್ ಕೂಡ ಅಷ್ಟೇ.

"ಇಂಜಿನ್‌ಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕು", ಅಂದರೆ ಹೊಗೆಗೆ ಸ್ವಲ್ಪ ತಡೆ ಇರಬೇಕು, ಅನ್ನುವವರು ಸಿಕ್ಕೇ ಸಿಗುತ್ತಾರೆ. ತಡೆ ಯಾವ ಇಂಜಿನ್‌ಗೂ ಬೇಡ. ಬೇಕಾದದ್ದು ಹೊಗೆಯ ವೇಗ. ಪೈಪ್ ಅತಿಯಾಗಿ ಅಗಲವಾದರೆ ವೇಗ ಇಳಿದು, ಕಡಿಮೆ ಆರ್‌ಪಿಎಂನಲ್ಲಿ ಎಳೆತ ಕುಗ್ಗುತ್ತದೆ. ನಾನು ಪೈಪ್ ಮುಟ್ಟಲಿಲ್ಲ, ಪುಣ್ಯ.

ಶಬ್ದದ ವಿಷಯ ಬೇರೆಯೇ. ಮೊದಲ ತಿಂಗಳು ಖುಷಿ. ಆಮೇಲೆ ಟಾಪ್ ಗೇರ್‌ನಲ್ಲಿ 2200ರಿಂದ 2500 ಆರ್‌ಪಿಎಂ ನಡುವೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ನಾನು ದಿನಾ ಓಡಿಸುವುದೂ ಅದೇ ವೇಗದಲ್ಲಿ! ಈ ಸೈಲೆನ್ಸರ್ ಒಳಗೆ ತೂತಿನ ಕೊಳವೆಯ ಸುತ್ತ ತುಂಬಿರುವ ಗಾಜಿನ ನಾರು ಬಿಸಿಗೆ ಪುಡಿಯಾಗಿ ಉದುರುತ್ತಾ ಹೋಗುತ್ತದೆ. ಮೂರನೇ ವರ್ಷಕ್ಕೆ ಸದ್ದು ಒರಟಾಯಿತು. ತಮಾಷೆ ಅಂದರೆ, ಆಗಲೂ ಗೇಜ್ 0.5 ಅಂತಲೇ ತೋರಿಸಿತು. ಹರಿವಿನ ಪರೀಕ್ಷೆಯಲ್ಲಿ ಈ ಸವೆತ ಕಾಣುವುದೇ ಇಲ್ಲ.

ಟರ್ಬೊ ಹಾಕಿಸಿದ್ದರೆ, ಇಲ್ಲವೇ ಹಳೆಯದರಲ್ಲಿ ಕನ್ವರ್ಟರ್ ಹಿಂದೆ ಗೇಜ್ 2 ದಾಟಿದ್ದರೆ ನನ್ನ ಮಾತು ಬೇರೆ ಇರುತ್ತಿತ್ತು. ಹೋದ ತಿಂಗಳು ಹಳೆಯದನ್ನೇ ವಾಪಸ್ ಹಾಕಿಸಿದೆ. ಗೇಜ್ ಮತ್ತೆ 1.2. ಪಕ್ಕದಲ್ಲಿ ಕೂತವರ ಮಾತು ಈಗ ಕೇಳಿಸುತ್ತಿದೆ.