ಎಸ್‌ಎಸ್ ಬಿಡಿಭಾಗಕ್ಕೆ ಯಾವ ಫಿನಿಶ್? ಮಾಡಿಸಿ ನೋಡಿದ ಮೇಲೆ ನನ್ನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ಸ್ಟೇನ್‌ಲೆಸ್ ಸ್ಟೀಲ್ ಭಾಗಗಳಿಗೆ ನಾನು ಮಾಡಿಸಿದ ಫಿನಿಶ್‌ಗಳಲ್ಲಿ ಎಲ್ಲಕ್ಕಿಂತ ತೃಪ್ತಿ ಕೊಟ್ಟಿದ್ದು ಎಲೆಕ್ಟ್ರೋಪಾಲಿಶ್. ಎಲ್ಲಕ್ಕಿಂತ ತಲೆನೋವು ಕೊಟ್ಟಿದ್ದು ಬೀಡ್ ಬ್ಲಾಸ್ಟಿಂಗ್. ಪೆಟ್ಟಿಗೆ ಬಿಚ್ಚಿದ ದಿನ ಮಾತ್ರ ಆ ತಲೆನೋವಿನದೇ ಹೆಚ್ಚು ಚೆಂದ.

ನಾನು ಮಾಡಿಸುವುದೆಲ್ಲ ಚಿಕ್ಕ ಚಿಕ್ಕ ಭಾಗಗಳು. ಸೆನ್ಸರ್ ಹೌಸಿಂಗ್, ಶೀಟ್ ಬಗ್ಗಿಸಿ ಮಾಡಿದ ಬ್ರಾಕೆಟ್, ಲೇತ್‌ನಲ್ಲಿ ತೆಗೆದ ಪಿನ್ನು, ವೆಲ್ಡ್ ಮಾಡಿದ ಪುಟ್ಟ ಡಬ್ಬಿಗಳು. ಜಾಸ್ತಿ 304 ದರ್ಜೆಯ ಸ್ಟೀಲ್, ಉಪ್ಪುನೀರು ತಾಗುವ ಕಡೆ 316. ಫಿನಿಶಿಂಗ್ ಕೆಲಸವನ್ನು ಹೊರಗೆ ಕೊಡುತ್ತೇವೆ. ಹಾಗಾಗಿ ಇದನ್ನು ಬರೆಯುತ್ತಿರುವುದು ಆಸಿಡ್ ತೊಟ್ಟಿಯ ಪಕ್ಕ ನಿಂತು ಕೆಲಸ ಮಾಡುವವರಲ್ಲ, ಮಾಡಿಸಿಕೊಂಡು ಬಳಸುವವರು ಎಂದು ತಿಳಿದು ಓದಿ.

ಫಿನಿಶ್ ಎಂದರೆ ಹೊಳಪು ಅಂತಲೇ ಬಹಳ ಜನ ಅಂದುಕೊಂಡಿರುತ್ತಾರೆ. ನಾನು ನೋಡುವುದು ಬೇರೆ. ಈ ಲೋಹಕ್ಕೆ ತುಕ್ಕು ಹಿಡಿಯದಿರಲು ಕಾರಣ ಅದರೊಳಗಿನ ಕ್ರೋಮಿಯಂ. ಕನಿಷ್ಠ 10.5 ಶೇಕಡಾ ಇದ್ದರೆ, ಗಾಳಿಯ ಆಮ್ಲಜನಕ ಸೇರಿ ಮೇಲ್ಮೈ ಮೇಲೆ ಕ್ರೋಮಿಯಂ ಆಕ್ಸೈಡ್ ಪದರ ಕಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ. ಗೀಚಿದರೆ ತಾನೇ ಮತ್ತೆ ಬೆಳೆಯುತ್ತದೆ. ಆದರೆ ಕಬ್ಬಿಣದ ಪುಡಿ ಅಂಟಿದ್ದರೆ, ವೆಲ್ಡ್ ಶಾಖಕ್ಕೆ ಬಣ್ಣ ತಿರುಗಿದ್ದರೆ, ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಮುಳ್ಳು) ಕೆಳಗೆ ಕೊಳೆ ಕೂತಿದ್ದರೆ ಆ ಪದರ ಅಲ್ಲಲ್ಲಿ ಸೋಲುತ್ತದೆ. ಒಂದು ಫಿನಿಶ್ ಈ ಪದರಕ್ಕೆ ಸಹಾಯ ಮಾಡುತ್ತದಾ, ಕೆಡಿಸುತ್ತದಾ? ನಾನು ಅಂಕ ಕೊಡುವುದು ಇದರ ಮೇಲೆ.

ಬೀಡ್ ಬ್ಲಾಸ್ಟಿಂಗ್ ವಿಷಯಕ್ಕೆ ಬರೋಣ. ಸಣ್ಣ ಗಾಜಿನ ಮಣಿಗಳನ್ನು ಗಾಳಿಯ ಒತ್ತಡದಲ್ಲಿ ಹೊಡೆಯುತ್ತಾರೆ. ಬರುವುದು ಬೂದು ಬಣ್ಣದ, ಕಣ್ಣಿಗೆ ಚುಚ್ಚದ ಮ್ಯಾಟ್ ಮೇಲ್ಮೈ. ಲೇತ್ ಗೆರೆ, ಸಣ್ಣ ಗೀರು ಎಲ್ಲ ಮುಚ್ಚಿಹೋಗುತ್ತವೆ. ನೋಡಿದವರೆಲ್ಲ ಮೆಚ್ಚುತ್ತಾರೆ. ನಮ್ಮ ಒಂದು ಲಾಟ್ ಬ್ರಾಕೆಟ್‌ಗಳು ಹೀಗೇ ಚೆಂದವಾಗಿ ಬಂದವು. ಕೆಲವು ವಾರಗಳಲ್ಲಿ ಅವುಗಳ ಮೇಲೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು ಎದ್ದವು. ವಿಚಾರಿಸಿದರೆ, ಅದೇ ಕ್ಯಾಬಿನೆಟ್‌ನಲ್ಲಿ, ಅದೇ ಮಣಿಗಳಿಂದ ಮೈಲ್ಡ್ ಸ್ಟೀಲ್ (ತುಕ್ಕು ಹಿಡಿಯುವ ಸಾದಾ ಉಕ್ಕು) ಭಾಗಗಳನ್ನೂ ಹೊಡೆಯುತ್ತಿದ್ದರಂತೆ. ಆ ಕಬ್ಬಿಣದ ಪುಡಿ ಮಣಿಗಳ ಜೊತೆ ಬಂದು ನಮ್ಮ ಭಾಗಗಳಲ್ಲಿ ಹೂತುಕೊಂಡಿತ್ತು. ತುಕ್ಕು ಹಿಡಿದಿದ್ದು ಆ ಪುಡಿಗೆ. ‘ಸ್ಟೇನ್‌ಲೆಸ್ಸೇ ಅಲ್ಲ, ಡೂಪ್ಲಿಕೇಟ್ ಮಾಲು’ ಎಂದು ಗ್ರಾಹಕರು ಬೈದಿದ್ದು ನಮಗೆ! ಅವರು ಹಾಗೆ ಅಂದುಕೊಂಡಿದ್ದು ತಪ್ಪೂ ಅಲ್ಲ ಬಿಡಿ, ಕಣ್ಣಿಗೆ ಕಾಣುವುದು ತುಕ್ಕು ತಾನೇ.

ಈಗ ಬ್ಲಾಸ್ಟಿಂಗ್‌ಗೆ ಕೊಡುವ ಮುಂಚೆ ನಾನು ಕೇಳುವುದು ಒಂದೇ. ಎಸ್‌ಎಸ್‌ಗೆ ಬೇರೆ ಕ್ಯಾಬಿನೆಟ್, ಬೇರೆ ಮಣಿ ಇದೆಯಾ? ಉತ್ತರ ತಡವರಿಸಿದರೆ ಅಲ್ಲಿಗೆ ಮುಗಿಯಿತು. ಇನ್ನೊಂದು ಕಿರಿಕಿರಿಯೂ ಇದೆ. ಒರಟಾದ ಮೇಲ್ಮೈಯಲ್ಲಿ ಬೆರಳಿನ ಎಣ್ಣೆ ಗುರುತು ಸುಲಭವಾಗಿ ಕೂರುತ್ತದೆ, ಕೊಳೆಯೂ ನಿಲ್ಲುತ್ತದೆ. ಹಾಗಾಗಿ ನುಣುಪಾದ 304ಕ್ಕಿಂತ ಇದು ಬೇಗ ತುಕ್ಕಿಗೆ ಸಿಗುತ್ತದೆ. ಮಣಿಯನ್ನು ನೀರಿನಲ್ಲಿ ಕಲಸಿ ಹೊಡೆಯುವ ವೆಟ್ ಬ್ಲಾಸ್ಟಿಂಗ್ ಸ್ವಲ್ಪ ಮೃದು. ಅದರ ಮ್ಯಾಟ್ ನುಣುಪು ನನಗೆ ಇಷ್ಟ. ಯಾವುದೇ ಇರಲಿ, ಬ್ಲಾಸ್ಟ್ ಆದ ಮೇಲೆ ಪ್ಯಾಸಿವೇಶನ್ (ಅಂಟಿದ ಕಬ್ಬಿಣ ತೆಗೆಯುವ ಆಸಿಡ್ ತೊಳೆತ) ಮಾಡಿಸದೆ ನಾನು ಮಾಲು ಕಳಿಸುವುದಿಲ್ಲ.

ಕಬ್ಬಿಣ ಅಂಟಿದೆಯಾ ಎಂದು ನೋಡಲು ಒಂದು ಸರಳ ಪರೀಕ್ಷೆ ಇದೆ. ಆಸಿಡ್ ಬೆರೆಸಿದ ಕಾಪರ್ ಸಲ್ಫೇಟ್ ದ್ರಾವಣದಿಂದ ಮೇಲ್ಮೈಯನ್ನು 6 ನಿಮಿಷ ಒದ್ದೆಯಾಗಿ ಇಡುತ್ತಾರೆ. ಬಿಡಿ ಕಬ್ಬಿಣ ಇದ್ದ ಜಾಗದಲ್ಲಿ ತಾಮ್ರ ಕೂತು ಕೆಂಪಗಾಗುತ್ತದೆ. ಎಎಸ್‌ಟಿಎಂ ಎ967 ಎಂಬ ಮಾನದಂಡದಲ್ಲೇ ಇದು ಇದೆ. ಆಹಾರ ತಾಗುವ ಭಾಗಗಳ ಮೇಲೆ ಮಾತ್ರ ಮಾಡಬಾರದು. ಅದಕ್ಕೆ ಅದೇ ಲಾಟಿನ ಒಂದು ಸ್ಯಾಂಪಲ್ ಎತ್ತಿಟ್ಟುಕೊಳ್ಳಿ.

ಬಫಿಂಗ್, ಅಂದರೆ ಉಜ್ಜಿ ಹೊಳಪು ತರುವ ಕೆಲಸದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಕನ್ನಡಿ ಹೊಳಪು ಬೇಕೇ ಬೇಕು ಎಂದು ಕೇಳುವವರು ಆ ಭಾಗ ಎಲ್ಲಿ ಕೂರುತ್ತದೆ ಎಂದು ಯೋಚಿಸಿರುವುದಿಲ್ಲ. ಮೆಷಿನ್ ಒಳಗೆ, ಮುಚ್ಚಳದ ಹಿಂದೆ ಇರುವ ಬ್ರಾಕೆಟ್‌ಗೆ ಕನ್ನಡಿ ಹೊಳಪು ಯಾಕೆ? ಒಳ್ಳೆಯ ಬಫಿಂಗ್ ನಿಜಕ್ಕೂ ಕೈಗುಣ. 120 ಗ್ರಿಟ್, 180, 240, 320 ಎಂದು ಹಂತ ಹಂತವಾಗಿ ಏರಬೇಕು. ಪ್ರತಿ ಹಂತದಲ್ಲೂ ಹಿಂದಿನ ಗೀರುಗಳಿಗೆ ಅಡ್ಡಲಾಗಿ ಉಜ್ಜಬೇಕು, ಅವು ಪೂರ್ತಿ ಹೋದ ಮೇಲೆ ಮುಂದಿನ ಗ್ರಿಟ್. ಆಮೇಲೆ ಬಟ್ಟೆಯ ಚಕ್ರ, ಹೊಳಪು ಕೊಡುವ ಪಾಲಿಶ್ ಸೋಪು. ಅವಸರದಲ್ಲಿ ಒಂದು ಹಂತ ಹಾರಿಸಿದರೆ ದೂರದಿಂದ ಹೊಳೆಯುತ್ತದೆ, ಬೆಳಕಿಗೆ ಓರೆ ಹಿಡಿದರೆ ಹಳೆಯ ಗೀರು ಅಡಿಯಲ್ಲಿ ಕಾಣುತ್ತದೆ. ಚೂಪಾಗಿ ಇರಬೇಕಾದ ಅಂಚು ದುಂಡಗಾಗುತ್ತದೆ, ತೂತಿನ ಬಾಯಿ ಅಗಲವಾಗುತ್ತದೆ, ಮೂಲೆಯಲ್ಲಿ ಸೋಪು ಗಟ್ಟಿಯಾಗಿ ಉಳಿಯುತ್ತದೆ. ಒಂದೇ ಪೆಟ್ಟಿಗೆಯ ಎರಡು ಪೀಸ್ ಒಂದೇ ತರ ಇರುವುದು ಅಪರೂಪ.

ಚಪ್ಪಟೆ ಫಲಕಕ್ಕೆ ಮಾತ್ರ ಒಂದೇ ದಿಕ್ಕಿನ ಗೆರೆ ಇರುವ ನಂಬರ್ 4 ಬ್ರಷ್ ಫಿನಿಶ್ ತುಂಬ ಒಳ್ಳೆಯದು. ಗೀರು ಬಿದ್ದರೆ ಅದೇ ದಿಕ್ಕಿನಲ್ಲಿ ಉಜ್ಜಿ ಸರಿಮಾಡಬಹುದು. ಗೆರೆ ಯಾವ ಕಡೆ ಓಡಬೇಕು ಎಂದು ಡ್ರಾಯಿಂಗ್‌ನಲ್ಲಿ ಬಾಣ ಹಾಕಿ. ಇಲ್ಲದಿದ್ದರೆ ಅಕ್ಕಪಕ್ಕ ಕೂರುವ ಎರಡು ಫಲಕಗಳಲ್ಲಿ ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಬರುತ್ತದೆ.

ವೈಬ್ರೇಟರಿ ಫಿನಿಶಿಂಗ್ ಸದ್ದು ಮಾಡುತ್ತದೆ, ಸುದ್ದಿ ಮಾಡುವುದಿಲ್ಲ. ಅಲುಗುವ ತೊಟ್ಟಿಯಲ್ಲಿ ಸೆರಾಮಿಕ್ ಚೂರು, ನೀರು, ಸೋಪಿನಂಥ ಕಾಂಪೌಂಡ್ ಹಾಕಿ ಭಾಗಗಳನ್ನು ಗಂಟೆಗಟ್ಟಲೆ ಉರುಳಿಸುತ್ತಾರೆ. ಹೊಳೆಯಲ್ಲಿ ಉರುಳಿದ ಕಲ್ಲಿನ ಹಾಗೆ ಅಂಚುಗಳೆಲ್ಲ ಮೆತ್ತಗಾಗಿ ಬರುತ್ತವೆ. ಲೇಸರ್ ಕಟ್ ಮಾಡಿದ ಶೀಟಿನ ಬರ್ ತೆಗೆಯಲು ನನಗೆ ಗೊತ್ತಿರುವ ಅತ್ಯಂತ ನೆಮ್ಮದಿಯ ದಾರಿ ಇದು. ನೂರು ಪೀಸ್ ಹಾಕಿದರೆ ನೂರೂ ಹೆಚ್ಚುಕಡಿಮೆ ಒಂದೇ ತರ. ಗಮನಿಸಬೇಕಾದದ್ದು ಚೂರಿನ ಅಳತೆ. ಅದು ತೂತಿನಷ್ಟೇ ಇದ್ದರೆ ಒಳಗೆ ಹೋಗಿ ಕೂತುಬಿಡುತ್ತದೆ, ಒಂದೊಂದೇ ಕುಟ್ಟಿ ತೆಗೆಯಬೇಕು. ತೂಕದ ಭಾಗಗಳು ಒಂದಕ್ಕೊಂದು ಬಡಿದು ಗಾಯವೂ ಆಗುತ್ತದೆ.

ಇನ್ನು ನನ್ನ ಮೆಚ್ಚಿನ ಎಲೆಕ್ಟ್ರೋಪಾಲಿಶ್. ಫ್ರಾನ್ಸಿನ ಪಿಯೆರ್ ಜಾಕೆ 1930ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಪ್ಲೇಟಿಂಗ್‌ನ ಉಲ್ಟಾ ಕೆಲಸ ಇದು. ಅಲ್ಲಿ ಲೋಹ ಬಂದು ಕೂರುತ್ತದೆ, ಇಲ್ಲಿ ಬಿಟ್ಟು ಹೋಗುತ್ತದೆ. ಬಿಸಿಯಾದ ಫಾಸ್ಫೋರಿಕ್ ಮತ್ತು ಸಲ್ಫ್ಯೂರಿಕ್ ಆಸಿಡ್ ಮಿಶ್ರಣದಲ್ಲಿ ಭಾಗವನ್ನು ಮುಳುಗಿಸಿ ಡಿಸಿ ಕರೆಂಟಿನ ಪ್ಲಸ್ ತುದಿಗೆ ಸಿಕ್ಕಿಸುತ್ತಾರೆ. ಮೇಲ್ಮೈಯ ಸಣ್ಣ ಸಣ್ಣ ಉಬ್ಬುಗಳು ತಗ್ಗುಗಳಿಗಿಂತ ಬೇಗ ಕರಗುತ್ತವೆ. ಕಬ್ಬಿಣ ಹೆಚ್ಚು ಕರಗುವುದರಿಂದ ಮೇಲುಗಡೆ ಕ್ರೋಮಿಯಂ ಪಾಲು ಏರುತ್ತದೆ. ಹೊಳಪೂ ಬಂತು, ರಕ್ಷಣೆಯೂ ಬಂತು. ಉಜ್ಜುವುದು, ಒತ್ತುವುದು ಇಲ್ಲದ ಕಾರಣ ತೆಳ್ಳಗಿನ ಭಾಗವೂ ಬಾಗುವುದಿಲ್ಲ. ಥ್ರೆಡ್ ತುದಿಯ ಕೂದಲೆಳೆಯಂಥ ಬರ್ ಕೂಡ ಮಾಯ. ನಮ್ಮ ಹೌಸಿಂಗ್‌ಗಳಲ್ಲಿ ಇದನ್ನು ಮಾಡಿಸಿದ ಮೇಲೆ ತೊಳೆಯುವುದು ಎಷ್ಟು ಸುಲಭವಾಯಿತು ಅಂದರೆ, ಬಳಸುವವರೇ ಕರೆದು ಹೇಳಿದರು.

ಕೊರತೆಗಳು ಇಲ್ಲ ಅಂತಲ್ಲ. ಆಳವಾದ ಗೀರು ಹೋಗುವುದಿಲ್ಲ, ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮೂಲ ಮೇಲ್ಮೈ ಒರಟಾಗಿದ್ದರೆ ಹೊಳೆಯುವ ಒರಟು ಸಿಗುತ್ತದೆ, ಅಷ್ಟೇ. ಒರಟುತನದ ಅಳತೆ ಆರ್‌ಎ ಸುಮಾರು ಅರ್ಧಕ್ಕೆ ಇಳಿಯಬಹುದು, ಅದಕ್ಕಿಂತ ಪವಾಡ ನಿರೀಕ್ಷಿಸಬೇಡಿ. ಹೈಜೀನಿಕ್ ಕೆಲಸಕ್ಕೆ ಸಾಮಾನ್ಯವಾಗಿ ಕೇಳುವುದು 0.8 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ. ಅದರ ಹತ್ತಿರಕ್ಕೆ ಮೊದಲೇ ಉಜ್ಜಿ ತಂದಿರಬೇಕು. ಕ್ಲಿಪ್ ಸಿಕ್ಕಿಸಿದ ಜಾಗದಲ್ಲಿ ಸಣ್ಣ ಗುರುತು ಉಳಿಯುತ್ತದೆ. ಉದ್ದದ ಕಿರಿದಾದ ತೂತಿನೊಳಗೆ ಕರೆಂಟ್ ಸರಿಯಾಗಿ ತಲುಪುವುದಿಲ್ಲ, ಒಳಗೆ ಬೇರೆ ಕ್ಯಾಥೋಡ್ (ಮೈನಸ್ ತುದಿ) ಇಳಿಸಬೇಕು. ಗಂಧಕ ಬೆರೆಸಿದ 303ಕ್ಕೆ ಇದು ಹಿಡಿಸುವುದಿಲ್ಲ, ಮೇಲ್ಮೈ ಮಂಕಾಗಿ ಸಣ್ಣ ಗುಳಿ ಬೀಳುತ್ತದೆ.

ಅಳತೆಯ ಲೆಕ್ಕವನ್ನು ಮಾತ್ರ ಮರೆಯಬೇಡಿ. ಒಂದು ಮುಖದಿಂದ 10 ಮೈಕ್ರಾನ್ ಹೋದರೆ ಪಿನ್ನಿನ ವ್ಯಾಸ 20 ಮೈಕ್ರಾನ್ ಇಳಿಯುತ್ತದೆ. ಸಾಮಾನ್ಯ 60 ಡಿಗ್ರಿ ಥ್ರೆಡ್‌ನಲ್ಲಿ ಪಿಚ್ ವ್ಯಾಸಕ್ಕೆ (ಥ್ರೆಡ್‌ನ ಹಲ್ಲಿನ ನಡುಮಟ್ಟದ ವ್ಯಾಸ) ಬೀಳುವ ಪೆಟ್ಟು ಒಂದು ಮುಖದಿಂದ ಹೋದದ್ದರ ನಾಲ್ಕು ಪಟ್ಟು, ಅಂದರೆ 40 ಮೈಕ್ರಾನ್. ಚೂಪಾದ ಅಂಚಿನಲ್ಲಿ ಕರೆಂಟ್ ಜಾಸ್ತಿ ಸೇರುವುದರಿಂದ ಅಲ್ಲಿ ಇನ್ನೂ ಹೆಚ್ಚು ಹೋಗುತ್ತದೆ.

ಪ್ಯಾಸಿವೇಶನ್ ಬಗ್ಗೆ ಜನರಿಗೆ ಸಿಟ್ಟು. ‘ಮಾಡಿಸಿದ್ದು ಕಾಣುವುದೇ ಇಲ್ಲವಲ್ಲ’ ಅಂತಾರೆ. ಕಾಣಬಾರದು, ಅದೇ ಸರಿ! ನೈಟ್ರಿಕ್ ಅಥವಾ ಸಿಟ್ರಿಕ್ ಆಸಿಡ್‌ನಲ್ಲಿ ಅದ್ದಿ, ಅಂಟಿದ ಕಬ್ಬಿಣವನ್ನು ಕರಗಿಸಿ ತೊಳೆಯುತ್ತಾರೆ. ಮೊದಲು ಎಣ್ಣೆ ಪೂರ್ತಿ ಹೋಗಿರಬೇಕು, ಇಲ್ಲದಿದ್ದರೆ ಸುಮ್ನೆ ಅದ್ದಿ ತೆಗೆದ ಹಾಗೆ. ನನಗೆ ಸಿಟ್ರಿಕ್ ಇಷ್ಟ, ವಿಷದ ಹೊಗೆಯ ಕಾಟ ಇಲ್ಲ. ಆದರೆ ವೆಲ್ಡ್ ಪಕ್ಕದ ನೀಲಿ, ಕಂದು ಬಣ್ಣ ಇದರಿಂದ ಹೋಗುವುದಿಲ್ಲ. ಆ ಬಣ್ಣದ ಕೆಳಗಿನ ಲೋಹದಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ, ತುಕ್ಕು ಶುರುವಾಗುವುದೇ ಅಲ್ಲಿಂದ. ಅದಕ್ಕೆ ಪಿಕ್ಲಿಂಗ್ ಬೇಕು, ಅಂದರೆ ನೈಟ್ರಿಕ್ ಜೊತೆ ಹೈಡ್ರೋಫ್ಲೋರಿಕ್ ಆಸಿಡ್. ಈ ಎರಡನೆಯದು ಚರ್ಮದೊಳಗೆ ಇಳಿದು ಜೀವಕ್ಕೇ ಕುತ್ತು ತರಬಲ್ಲದು. ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಕೈಗೆಟುಕುವ ಕಡೆ ಇಟ್ಟಿಲ್ಲದ ಜಾಗಕ್ಕೆ ನಾನು ಕೆಲಸ ಕೊಡುವುದಿಲ್ಲ. ಬಣ್ಣ ಕಡಿಮೆ ಇದ್ದರೆ ಫಾಸ್ಫೋರಿಕ್ ಆಸಿಡ್‌ನಲ್ಲಿ ನಡೆಯುವ ಕರೆಂಟ್ ಬ್ರಷ್ ಸಾಕು. ಮೈಲ್ಡ್ ಸ್ಟೀಲ್ ತಂತಿ ಬ್ರಷ್ ಹಿಡಿದು ಉಜ್ಜುವವರನ್ನು ಕಂಡರೆ ಮಾತ್ರ ತಡೆಯಿರಿ.

ಚಿನ್ನದ ಬಣ್ಣ, ಕಪ್ಪು ಬಣ್ಣ ಕೊಡುವ ಪಿವಿಡಿ (ನಿರ್ವಾತದಲ್ಲಿ ಆವಿಯಿಂದ ಕೂರಿಸುವ) ಲೇಪನವನ್ನೂ ಕೆಲವು ಗುಂಡಿಗಳಿಗೆ ಮಾಡಿಸಿದ್ದೇನೆ. ಗಟ್ಟಿ, ಚೆಂದ. ಲೇಪನ ತೀರಾ ತೆಳು, ಕೆಳಗಿನ ಗೀರು ಹಾಗೇ ಕಾಣುತ್ತದೆ. ಕಂಪನಿ ಹೆಸರು ಇರುವ ಮುಖಕ್ಕೆ ಸರಿ, ಉಳಿದದ್ದಕ್ಕೆ ಬೇಡ.

ಈಗ ನಮ್ಮ ಲೇಸರ್ ಕಟ್ ಭಾಗಗಳಿಗೆಲ್ಲ ವೈಬ್ರೇಟರಿ, ಆಮೇಲೆ ಸಿಟ್ರಿಕ್ ಪ್ಯಾಸಿವೇಶನ್. ನೀರು ತಾಗುವ ಹೌಸಿಂಗ್‌ಗೆ ಎಲೆಕ್ಟ್ರೋಪಾಲಿಶ್, ಥ್ರೆಡ್ ಮುಚ್ಚಿ. ಡ್ರಾಯಿಂಗ್‌ನಲ್ಲಿ ‘ಪಾಲಿಶ್ ಮಾಡಿ’ ಎಂದು ಬರೆಯುವುದನ್ನು ಬಿಟ್ಟಿದ್ದೇವೆ. ಆರ್‌ಎ ಎಷ್ಟು, ಯಾವ ಮುಖಕ್ಕೆ, ಎಷ್ಟು ಮೈಕ್ರಾನ್ ಹೋಗಬಹುದು, ಕ್ಲಿಪ್ ಎಲ್ಲಿ ಹಿಡಿಯಬೇಕು ಎಂದು ಬರೆಯುತ್ತೇವೆ. ಮಾಡುವವರೂ ಈಗ ಕೆಲಸ ಶುರುಮಾಡುವ ಮುಂಚೆಯೇ ಫೋನ್ ಮಾಡಿ ಕೇಳುತ್ತಾರೆ.