ಸೈಕಲ್‌ಗೆ ಗೇರ್ ಹಬ್: 3, 8, 11, 14ರಲ್ಲಿ ಬೆಂಗಳೂರಿಗೆ 8 ಸಾಕು

ದಿನಾ ಆಫೀಸಿಗೆ, ಆಗಾಗ ಬ್ಯಾಗ್ ಕಟ್ಟಿಕೊಂಡು ಊರಾಚೆಗೆ, ಎರಡಕ್ಕೂ ಒಂದೇ ಸೈಕಲ್ ಅಂತಾದರೆ ನನ್ನ ಓಟು ಶಿಮಾನೊ ಕಂಪನಿಯ 8 ಗೇರ್‌ನ ಹಬ್‌ಗೆ, ಅಂದರೆ ಗೇರೆಲ್ಲ ಹಿಂದಿನ ಚಕ್ರದ ನಡುವಿನ ಡಬ್ಬದೊಳಗೇ ಇರೋ ವ್ಯವಸ್ಥೆಗೆ. ನೆಕ್ಸಸ್ ಆದರೂ ಸರಿ, ಆಲ್ಫಿನ್ ಆದರೂ ಸರಿ. ಎರಡರ ಗೇರ್ ಅನುಪಾತವೂ (ಹಿಂದಿನ ಹಲ್ಲುಚಕ್ರದ ಒಂದು ಸುತ್ತಿಗೆ ಚಕ್ರ ಎಷ್ಟು ಸುತ್ತುತ್ತೆ ಅನ್ನೋದು) ಒಂದೇ: 0.527ರಿಂದ 1.615. ಆಲ್ಫಿನ್ ಸ್ವಲ್ಪ ಹಗುರ, ಅಷ್ಟಕ್ಕೆ ಎಷ್ಟು ಹೆಚ್ಚು ಕೊಡಬಹುದು ಅನ್ನೋದು ನಿಮ್ಮ ಜೇಬಿಗೆ ಬಿಟ್ಟದ್ದು.

ನಮ್ಮೂರಿನ ಟ್ರಾಫಿಕ್‌ಗೆ ಹಬ್ ಯಾಕೆ ಅಂದರೆ, ಏಳನೇ ಗೇರಲ್ಲಿ ಬರುತ್ತಿರುವಾಗ ಮುಂದಿನ ಬಸ್ಸು ಗಕ್ಕನೆ ನಿಲ್ಲುತ್ತೆ. ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸೋ ಮಾಮೂಲಿ ಗೇರ್) ಆದರೆ ಪೆಡಲ್ ತುಳಿಯದೆ ಗೇರ್ ಇಳಿಯಲ್ಲ. ಸಿಗ್ನಲ್ ಬಿಟ್ಟಾಗ ಎದ್ದು ನಿಂತು ಒದ್ದಾಡಬೇಕು. ಹಬ್‌ನಲ್ಲಿ ನಿಂತ ಜಾಗದಲ್ಲೇ ಎರಡಕ್ಕೆ ಇಳಿಸಿಕೊಳ್ಳಬಹುದು. ಇನ್ನೊಂದು, ಅಪಾರ್ಟ್‌ಮೆಂಟ್ ಬೇಸ್‌ಮೆಂಟ್. ಅಲ್ಲಿ ಒಂದರ ಮೇಲೊಂದು ಸೈಕಲ್ ಬಿದ್ದು ಡಿರೈಲರ್ ತೂಗೋ ಕೊಂಡಿ, ಅಂದರೆ ಹ್ಯಾಂಗರ್, ಒಳಗೆ ಬಗ್ಗುತ್ತೆ, ಮಾರನೇ ದಿನ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದಾಗ ಅದು ಸ್ಪೋಕ್‌ಗೆ ಸಿಕ್ಕಿಕೊಳ್ಳುತ್ತೆ. ಹಬ್‌ನಲ್ಲಿ ಹೊರಗೆ ಬಗ್ಗೋಕೆ ಅಂಥದ್ದೇನೂ ಇಲ್ಲ. ಚೈನ್ ನೇರ ಓಡೋದರಿಂದ ಹಳೇ ಕಾಲದ ಚೈನ್ ಕವರ್ ಕೂಡ ಹಾಕಬಹುದು, ಪ್ಯಾಂಟು ಉಳಿಯುತ್ತೆ.

ಹಾಗಂತ ಹಬ್‌ಗೆ ಸಿಟ್ಟೇ ಬರಲ್ಲ ಅಂತಲ್ಲ. ಏರಿನಲ್ಲಿ ಜೋರಾಗಿ ತುಳಿಯುತ್ತಾ ಗೇರ್ ಇಳಿಸೋಕೆ ಹೋದರೆ ಇಳಿಯಲ್ಲ, ಅದರಲ್ಲೂ 5ರಿಂದ 4ಕ್ಕೆ. ಅರ್ಧ ಸುತ್ತು ಕಾಲು ಹಗುರ ಮಾಡಬೇಕು. ಅಭ್ಯಾಸ ಆಗುತ್ತೆ.

3 ಗೇರ್‌ನ ಹಬ್ (ಸ್ಟರ್ಮಿ ಆರ್ಚರ್, ನೆಕ್ಸಸ್ 3) ಅಗ್ಗ, ಗಟ್ಟಿ. ಸ್ಟರ್ಮಿಯ ಅನುಪಾತ 0.75, 1, 1.333. ಜಯನಗರದಿಂದ ಬಸವನಗುಡಿಗೆ ಹೋಗಿ ಬರೋರಿಗೆ ಧಾರಾಳ. ನಂದಿ ಬೆಟ್ಟಕ್ಕೆ ಸಾಲದು.

11ರ ಆಲ್ಫಿನ್ ನೋಡಿ ಎಲ್ಲರೂ ಮರುಳಾಗುತ್ತಾರೆ. ಮೂರು ಗೇರ್ ಜಾಸ್ತಿ, ಏರು ಸಲೀಸು ಅನ್ನೋ ಲೆಕ್ಕ. ಲೆಕ್ಕ ತಪ್ಪು. ಅದರ ಮೊದಲನೇ ಗೇರೂ 0.527, 8ರದ್ದೂ 0.527. ಹೆಚ್ಚಿಗೆ ಸಿಗೋದೆಲ್ಲ ಮೇಲಿನ ತುದಿಯಲ್ಲಿ, 2.153ರವರೆಗೆ. ಮುಂದಿನ (ಪೆಡಲ್ ಬದಿಯ) ಹಲ್ಲು ಕಡಿಮೆ ಮಾಡಿ ಅದನ್ನು ಕೆಳಕ್ಕೆ ಎಳೆಯೋಣ ಅಂದರೆ, ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ಸುಮಾರು 1.9 ಅನುಪಾತ ಇರಲೇಬೇಕು. ಅದಕ್ಕಿಂತ ಇಳಿಸಿದರೆ ಒಳಗಿನ ಗೇರ್‌ಗಳ ಮೇಲೆ ಬೀಳೋ ಬಲ ಮಿತಿ ಮೀರುತ್ತೆ. 8ರದಕ್ಕೆ ಈ ಅನುಪಾತ ಸುಮಾರು 2. ಅಂದರೆ ಏರಿನಲ್ಲಿ ಸಿಗೋ ಲಾಭ ನೂರಕ್ಕೆ ಐದು. ಸಾಲದ್ದಕ್ಕೆ ಒಳಗೆ ಎಣ್ಣೆ: ಮೊದಲ 1000 ಕಿ.ಮೀ.ಗೆ ಒಮ್ಮೆ, ಆಮೇಲೆ ಎರಡು ವರ್ಷಕ್ಕೆ ಅಥವಾ 5000 ಕಿ.ಮೀ.ಗೆ ಒಮ್ಮೆ ಬದಲಿಸಬೇಕು.

ರೋಹ್ಲೋಫ್ 14 ಬೇರೆಯೇ ದರ್ಜೆ. ಮೇಲಿನ ಗೇರು ಕೆಳಗಿನದರ 526%, ಅಂದರೆ 5.26 ಪಟ್ಟು, ಪ್ರತಿ ಹೆಜ್ಜೆ 13.6%, ಎಲ್ಲೂ ಏರುಪೇರಿಲ್ಲ. 8ರಲ್ಲಿ 5ರಿಂದ 6ಕ್ಕೆ 22% ಜಿಗಿತ ಇದೆ, ಎದುರು ಗಾಳಿಯಲ್ಲಿ ಅದು ಕಾಲಿಗೆ ಗೊತ್ತಾಗುತ್ತೆ. ಆದರೆ ತರಿಸೋ ಖರ್ಚು ಸೇರಿ ರೋಹ್ಲೋಫ್ ಲಕ್ಷ ದಾಟುತ್ತೆ. ಅಷ್ಟು ಕೊಟ್ಟ ಮೇಲೆ ಸೈಕಲನ್ನು ಮೆಟ್ರೊ ಸ್ಟೇಷನ್ ಹೊರಗೆ ಬೀಗ ಹಾಕಿ ಬಿಟ್ಟು ಹೋಗೋ ಧೈರ್ಯ ನನಗಿಲ್ಲ.

ಈಗ 8ನ್ನು ಕೂರಿಸೋದು. ಹಬ್ ಕೊಳ್ಳೋ ಮೊದಲು ಹಿಂದಿನ ಆಕ್ಸಲ್ ಕೂರೋ ಸೀಳು ನೋಡಿ. ನೆಕ್ಸಸ್‌ಗೆ 132 ಎಂಎಂ, ಆಲ್ಫಿನ್‌ಗೆ 135 ಎಂಎಂ ಅಗಲ ಎರಡು ಬದಿಯ ಸೀಳುಗಳ ನಡುವೆ ಬೇಕು. ಹೈಬ್ರಿಡ್, ಎಂಟಿಬಿಗಳಲ್ಲಿ ಸಾಮಾನ್ಯವಾಗಿ 135 ಇರುತ್ತೆ. ಹಳೇ ಸ್ಟೀಲ್ ಸೈಕಲ್ ಕಿರಿದು. ಸ್ಟೀಲ್ ಆದರೆ ಅಗಲಿಸಬಹುದು, ಅಲ್ಯೂಮಿನಿಯಂ ಆದರೆ ಕೈ ಹಾಕಬೇಡಿ. ಸೀಳು ಅಡ್ಡ ಇದ್ದರೆ ಚಕ್ರ ಹಿಂದಕ್ಕೆ ಎಳೆದು ಚೈನ್ ಬಿಗಿ ಮಾಡಬಹುದು. ಗೇರ್ ಸೈಕಲ್‌ಗಳಲ್ಲಿ ಅದು ನೇರ ಕೆಳಮುಖ ಇರುತ್ತೆ, ಚೈನ್ ಬಿಗಿ ಹಿಡಿಯೋ ಟೆನ್ಷನರ್ ಬೇಕೇ ಬೇಕು. ಅದು ಕೂರೋದು ಅದೇ ಹ್ಯಾಂಗರ್ ಮೇಲೆ, ಬೇಸ್‌ಮೆಂಟ್ ಕಾಟ ಮತ್ತೆ ಶುರು. ಆದ್ದರಿಂದ ಅಡ್ಡ ಸೀಳಿನ ಫ್ರೇಮ್ ಸಿಕ್ಕರೆ ಅದಕ್ಕೇ ಹಾಕಿ.

ರಿಮ್ ವಿಷಯದಲ್ಲೂ ಜಾಗ್ರತೆ. ಹಾಲು-ಪೇಪರ್ ಸೈಕಲ್‌ನ 28 ಇಂಚಿನ ಹಿಂದಿನ ರಿಮ್‌ಗೆ 40 ತೂತು, ಹಬ್‌ಗೆ 36 (ಅಥವಾ 32). ಹೊಂದಲ್ಲ. 36 ತೂತಿನ 700ಸಿ ಅಥವಾ 26 ಇಂಚಿನ ರಿಮ್ ತನ್ನಿ. ಹಬ್‌ನ ಫ್ಲ್ಯಾಂಜ್ (ಸ್ಪೋಕ್ ಸಿಕ್ಕಿಸೋ ಅಂಚು) ದೊಡ್ಡದು, ಹಾಗಾಗಿ ಮಾಮೂಲಿಗಿಂತ ಗಿಡ್ಡ ಸ್ಪೋಕ್ ಬೇಕು; ಅಂಗಡಿಯವರು ಕೊಟ್ಟದ್ದನ್ನೇ ತಗೊಂಡರೆ ತುದಿ ರಿಮ್ ದಾಟಿ ಟ್ಯೂಬಿಗೆ ಚುಚ್ಚುತ್ತೆ. ಅಳತೆ ಲೆಕ್ಕ ಹಾಕಿಸಿಯೇ ಕೊಳ್ಳಿ.

ಮುಂದೆ 40 ಹಲ್ಲು, ಹಿಂದೆ 20 ಹಾಕಿದರೆ 700x35 ಟಯರ್‌ನಲ್ಲಿ ಪೆಡಲ್ ಒಂದು ಸುತ್ತಿಗೆ ಮೊದಲನೇ ಗೇರಲ್ಲಿ ಸುಮಾರು 2.3 ಮೀಟರ್, ಎಂಟರಲ್ಲಿ 7 ಮೀಟರ್ ಹೋಗುತ್ತೆ. ನಗರದ ಫ್ಲೈಓವರ್‌ಗಳಿಗೆ ಬೇಕಾದಷ್ಟಾಯಿತು. ನಂದಿಯ ಕಡಿದಾದ ತಿರುವುಗಳಲ್ಲಿ ಬ್ಯಾಗ್ ಇಲ್ಲದೆ ಹತ್ತಬಹುದು, ಬೆವರಿಳಿಯುತ್ತೆ.

ಇನ್ನು ತಲೆನೋವು: ಹಿಂದಿನ ಚಕ್ರದ ಪಂಕ್ಚರ್. ಕ್ವಿಕ್ ರಿಲೀಸ್ ಇಲ್ಲ, ಮೇಲಿಂದ ಗೇರ್ ಕೇಬಲ್ ಹಬ್‌ಗೆ ಸಿಕ್ಕಿಕೊಂಡಿರುತ್ತೆ. ಮೊದಲು ಗೇರ್ 1ಕ್ಕೆ ತನ್ನಿ, ಕೇಬಲ್ ಸಡಿಲವಾಗುತ್ತೆ (11ರ ಹಬ್‌ನಲ್ಲಿ ಉಲ್ಟಾ, 11ಕ್ಕೆ ತರಬೇಕು). ಬಲಗಡೆ ಕೇಬಲ್ ಸುತ್ತೋ ರಾಟೆಯಲ್ಲಿ ಸಣ್ಣ ತೂತಿದೆ. ಅದಕ್ಕೆ 2 ಎಂಎಂ ಅಲೆನ್ ಕೀ ಅಥವಾ 14 ನಂಬರ್ ಸ್ಪೋಕ್ ತುಂಡು ತೂರಿಸಿ ತಿರುಗಿಸಿ ಹಿಡಿದರೆ, ಕೇಬಲ್ ತುದಿಯ ಪುಟ್ಟ ಬೋಲ್ಟನ್ನು ಸಂದಿನಿಂದ ಎತ್ತಬಹುದು. ಆಮೇಲೆ ಕೇಬಲ್‌ನ ಹೊರಕವಚ ಈಚೆ ಬರುತ್ತೆ. ರೋಲರ್ ಬ್ರೇಕ್ (ಹಬ್‌ಗೇ ಕೂರೋ ಬ್ರೇಕ್) ಇದ್ದರೆ ಅದರ ತೋಳನ್ನೂ ಬಿಚ್ಚಬೇಕು. ಕೊನೆಗೆ 15 ನಂಬರ್ ಸ್ಪ್ಯಾನರ್‌ನಲ್ಲಿ ಎರಡು ನಟ್ಟು.

ನಟ್ಟಿನ ಕೆಳಗೆ ಬಣ್ಣದ ವಾಷರ್ ಇರುತ್ತವೆ, ಬಲಕ್ಕೊಂದು ಬಣ್ಣ, ಎಡಕ್ಕೊಂದು. ಸೀಳು ಕೆಳಮುಖ ಇದ್ದರೆ ಬಲಕ್ಕೆ ನೀಲಿ, ಎಡಕ್ಕೆ ಹಸಿರು; ಹಿಂದಕ್ಕೆ ತೆರೆದ ಅಡ್ಡ ಸೀಳಾದರೆ ಬೆಳ್ಳಿ ಬಣ್ಣ ಮತ್ತು ಬಿಳಿ. ಆಕ್ಸಲ್ ತಿರುಗದಂತೆ ಹಿಡಿಯೋದು ಇವೇ, ವಾಷರ್‌ನ ಮೂತಿ ಸೀಳಿನೊಳಗೆ ಕೂರಬೇಕು. ಅವಸರದಲ್ಲಿ ಅದಲುಬದಲು ಮಾಡಿದರೆ, ಅಥವಾ ಒಂದನ್ನು ಬಿಟ್ಟೇಬಿಟ್ಟರೆ, ತುಳಿದ ಹಾಗೆಲ್ಲ ಆಕ್ಸಲ್ ತಿರುಗಿ ಕೇಬಲ್ ಎಳೆತ ಕೆಡುತ್ತೆ, ಗೇರ್ ಜಾರುತ್ತೆ. ಬಿಗಿ 30ರಿಂದ 45 ನ್ಯೂಟನ್ ಮೀಟರ್. ಚಕ್ರ ಕೂರಿಸಿದ ಮೇಲೆ ಗೇರ್ 4ಕ್ಕೆ ಹಾಕಿ, ರಾಟೆಯ ಬಳಿ ಇರೋ ಎರಡು ಹಳದಿ ಗೆರೆ ಒಂದಕ್ಕೊಂದು ನೇರ ಬಂದಿವೆಯಾ ನೋಡಿ. ಬಂದಿಲ್ಲ ಅಂದರೆ ಶಿಫ್ಟರ್ ಹತ್ತಿರದ ತಿರುಗಣೆಯಲ್ಲಿ ಸರಿ ಮಾಡಿ. ‘ಹಬ್ ಹೋಯ್ತು’ ಅಂತ ಗೊಣಗೋರು ಮೊದಲು ನೋಡಬೇಕಾದ್ದು ಈ ಗೆರೆಗಳನ್ನೇ.

ಇದನ್ನು ಮಳೆಯಲ್ಲಿ, ಕತ್ತಲೆಯಲ್ಲಿ, ಸಿಲ್ಕ್ ಬೋರ್ಡ್ ಕೆಳಗೆ ನಿಂತು ಮಾಡೋಕೆ ಯಾರಿಗೂ ಮನಸ್ಸಾಗಲ್ಲ. ಅದೃಷ್ಟಕ್ಕೆ ನಮ್ಮ ರಸ್ತೆ ಬದಿ ಪಂಕ್ಚರ್ ಅಂಗಡಿಯವರು ಸೈಕಲ್ ಹಿಂದಿನ ಚಕ್ರ ಬಿಚ್ಚೋದು ಅಪರೂಪ. ಟಯರ್‌ನ ಒಂದು ಬದಿ ಎಬ್ಬಿಸಿ, ಟ್ಯೂಬ್ ಎಳೆದು, ನೀರಿನ ಬಾಣಲೆಯಲ್ಲಿ ಗುಳ್ಳೆ ನೋಡಿ ಪ್ಯಾಚ್ ಹಾಕುತ್ತಾರೆ. ಹಬ್ ಗೇರ್‌ಗೆ ಇದಕ್ಕಿಂತ ಒಳ್ಳೇ ಪದ್ಧತಿ ಇಲ್ಲ. ದಪ್ಪ ಹಬ್ ನೋಡಿ ಅವರು ಸ್ಪ್ಯಾನರ್ ಎತ್ತಿದರೆ, ‘ಅಣ್ಣಾ, ಚಕ್ರ ಬಿಚ್ಚಬೇಡಿ, ಎಡಗಡೆಯಿಂದ ಟ್ಯೂಬ್ ಎಳೀರಿ’ ಅಂದರೆ ಸಾಕು. ಟ್ಯೂಬಿಗೆ ಬೈಕ್ ತರದ ವಾಲ್ವ್ ಇರಲಿ, ಯಾವ ಪೆಟ್ರೋಲ್ ಬಂಕಿನಲ್ಲಾದರೂ ಗಾಳಿ ಹಿಡಿಸಬಹುದು. ವಾಲ್ವ್ ಬುಡ ಹರಿದರೆ ಮಾತ್ರ ಚಕ್ರ ಬಿಚ್ಚದೆ ಗತಿಯಿಲ್ಲ. ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಥರದ ದಪ್ಪ ಟಯರ್‌ಗೆ ದುಡ್ಡು ಹಾಕೋದು ದಂಡ ಅಲ್ಲ.

ಬೈಕ್ ವಾಟರ್ ಸರ್ವೀಸ್‌ನ ಜೋರು ನೀರು ಹಬ್‌ಗೆ ಹೊಡೆಸಬೇಡಿ. ಅಂಡರ್‌ಪಾಸ್‌ನಲ್ಲಿ ಆಕ್ಸಲ್ ಮಟ್ಟ ನೀರು ನಿಂತಿದ್ದರೆ ಸುತ್ತು ಹಾಕಿಕೊಂಡು ಹೋಗಿ. ಎರಡು ವರ್ಷಕ್ಕೆ ಅಥವಾ 5000 ಕಿ.ಮೀ.ಗೆ ಒಮ್ಮೆ ಒಳಭಾಗ ಹೊರತೆಗೆದು ಶಿಮಾನೊದ ಎಣ್ಣೆಯಲ್ಲಿ ಅದ್ದಿಸಿ.

ನಾಲ್ಕು ಬ್ಯಾಗ್ ಹೇರಿಕೊಂಡು ಆಗುಂಬೆ ಘಾಟಿ ಹತ್ತೋ ಯೋಜನೆ ಇದ್ದರೆ ಮಾತ್ರ ನನ್ನ ಓಟು ಬದಲು. ಅಲ್ಲಿಗೆ ಮುಂದೆ 22, ಹಿಂದೆ 34 ಹಲ್ಲಿನ ಡಿರೈಲರ್ ಇರಲಿ. ಪೆಡಲ್ ಸುತ್ತಿಗೆ 1.4 ಮೀಟರ್‌ವರೆಗೆ ಇಳಿಯುತ್ತೆ, 8ರ ಹಬ್ ಅದರ ಹತ್ತಿರವೂ ಬರಲ್ಲ.