ಮಾತ್ರೆ ಸಿಗುತ್ತದೆ, ಮನೆಗೆ ಬರುವವರು ಬದಲಾಗುತ್ತಾರೆ: ಒಂದು ಸೇವಾ ಸಂಸ್ಥೆಯ ಜೊತೆ ನಮ್ಮ ಅನುಭವ

ನನ್ನ ಮೈದುನನಿಗೆ ಸ್ಕಿಜೋಫ್ರೀನಿಯಾ ಇದೆ. ಶಿರಸಿಯಿಂದ ಒಳಗಿರುವ, ಸಂಜೆಗೇ ಕೊನೆಯ ಬಸ್ಸು ಹೊರಟುಹೋಗುವ ಊರು ನಮ್ಮದು. ಹಳ್ಳಿಗಳಲ್ಲಿ ಮಾನಸಿಕ ಆರೋಗ್ಯದ ಕೆಲಸ ಮಾಡುವ ಒಂದು ಸೇವಾ ಸಂಸ್ಥೆಯ ಆರೈಕೆಯಲ್ಲಿ ಅವನಿರಲು ಶುರುವಾಗಿ ಹಲವು ವರ್ಷಗಳಾದವು. ಕೆಳಗೆ ಒಂದು ದೊಡ್ಡ ದೂರು ಬರುವುದರಿಂದ ಸಂಸ್ಥೆಯ ಹೆಸರು ಹೇಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ವೈದ್ಯರು, ಉಚಿತ ಔಷಧ, ಮನೆ ಭೇಟಿ ಎಂದೆಲ್ಲ ಕರಪತ್ರದಲ್ಲಿ ಇರುವುದನ್ನು ನಾನು ಮತ್ತೆ ಬರೆಯಬೇಕಾಗಿಲ್ಲ.

ಮೊದಲು ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತಿದ್ದೆವು. ಸುಮಾರು ನೂರು ಕಿಲೋಮೀಟರ್ ದಾರಿ. ಅವನನ್ನು ಕಿಟಕಿಯ ಪಕ್ಕ ಕೂರಿಸಿ ನಮ್ಮ ಯಜಮಾನರು ಈಚೆ ಕೂರಬೇಕು. ಬಸ್ಸಿನಲ್ಲಿ ಯಾರು ನಕ್ಕರೂ ತನ್ನನ್ನೇ ನೋಡಿ ನಕ್ಕರೆಂದು ಅವನಿಗೆ ಅನಿಸುತ್ತಿತ್ತು. ಅಲ್ಲಿ ಸರದಿ, ಎರಡು ಮಾತು, ಚೀಟಿ, ಔಷಧದ ಅಂಗಡಿ, ಮತ್ತೆ ಬಸ್ಸು. ಅಂದು ಹಾಲು ಕರೆಯಲು ಪಕ್ಕದ ಮನೆಯವರನ್ನು ಕೇಳಿಕೊಳ್ಳಬೇಕು. ಒಂದೆಕರೆ ಅಡಿಕೆ ತೋಟ ನಂಬಿಕೊಂಡ ಮನೆಗೆ ತಿಂಗಳು ತಿಂಗಳೂ ಅದು ನೀಗುವ ಖರ್ಚಲ್ಲ. ಹಾಗಾಗಿ ಮಾತ್ರೆ ತಪ್ಪುತ್ತಿತ್ತು, ತಪ್ಪಿದಾಗಲೆಲ್ಲ ಕಾಯಿಲೆ ಮರುಕಳಿಸುತ್ತಿತ್ತು.

ಸರ್ಕಾರದ ವ್ಯವಸ್ಥೆ ನಮ್ಮ ಹತ್ತಿರದಲ್ಲೇ ಇದೆ ಎಂದು ತಿಳಿಸಿದವರೂ ಈ ಸಂಸ್ಥೆಯವರೇ. ಬಳ್ಳಾರಿ ಜಿಲ್ಲೆಯಲ್ಲಿ ಮೊದಲು ನಡೆಸಿ ನೋಡಿ, 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಒಂದಿದೆ. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ದ ಹೆಸರಿನಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡಿದೆ. ಔಷಧದ ಮಟ್ಟಿಗೆ ಅಷ್ಟು ಸಾಕಾಗುತ್ತಿತ್ತೋ ಏನೋ. ನಾವು ಸಂಸ್ಥೆಯನ್ನು ಹಿಡಿದುಕೊಂಡು ಉಳಿದದ್ದು ಮನೆ ಭೇಟಿಗಾಗಿ, ಆ ಭೇಟಿಗೆ ಬರುತ್ತಿದ್ದ ಮೊದಲ ಕಾರ್ಯಕರ್ತೆಗಾಗಿ.

ಮೈದುನ ಅವರನ್ನು ‘ಅಕ್ಕೋರೇ’ ಎಂದು ಕರೆಯುತ್ತಿದ್ದ, ಶಾಲೆಯ ಶಿಕ್ಷಕಿಯರನ್ನು ನಮ್ಮ ಕಡೆ ಕರೆಯುವ ಹಾಗೆಯೇ. ಅವರ ಸ್ಕೂಟರ್ ಉಣಗೋಲಿನ ಹತ್ತಿರ ನಿಲ್ಲುತ್ತಿತ್ತು. ಮಳೆಗಾಲವಾದರೆ ತೊಯ್ದ ರೇನ್‌ಕೋಟನ್ನು ಅಂಗಳದ ಗಳುವಿಗೆ ಹಾಕಿ, ಕಾಲು ತೊಳೆದುಕೊಂಡು ಜಗುಲಿಗೆ ಬರುವರು. ನಾನು ಕಷಾಯ ತಂದುಕೊಡುವ ತನಕ ಕಾಯಿಲೆಯ ಮಾತೇ ಇಲ್ಲ. ‘ಈ ಸಲ ಅಡಿಕೆಗೆ ಕೊಳೆ ರೋಗ ಹೇಗಿದೆ? ಎರಡನೇ ಸಲದ ಔಷಧ ಹೊಡೆದು ಆಯಿತೇ?’ ಎಂದು ಅವನನ್ನೇ ಕೇಳುವರು. ನನ್ನನ್ನಲ್ಲ, ಯಜಮಾನರನ್ನೂ ಅಲ್ಲ. ವರ್ಷಗಟ್ಟಲೆ ಅವನ ಸುದ್ದಿಯನ್ನು ಅವನ ಎದುರೇ ನಮ್ಮ ಹತ್ತಿರ ಕೇಳಿದವರನ್ನು ಕಂಡಿದ್ದ ಮೈದುನ ಮೊದಮೊದಲು ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದನೆಂದರೆ ಕಷಾಯ ಆರಿಹೋಗುತ್ತಿತ್ತು. ಅಕ್ಕೋರು ಕಾಯುತ್ತಿದ್ದರು.

ಆಮೇಲೆ ಡಬ್ಬಿ. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಅವನು ಖಾಲಿಯಾದ ಮಾತ್ರೆಯ ಪಟ್ಟಿಗಳನ್ನು ಹಾಕಿಡಬೇಕು, ಅವರು ಬಂದಾಗ ಅವನೇ ಎಣಿಸಿ ಹೇಳಬೇಕು. ತಪ್ಪಿದ ದಿನಗಳಿದ್ದರೆ ಬೈಗುಳವಿಲ್ಲ. ‘ಅಂದು ಏನಾಗಿತ್ತು?’ ಎಂದಷ್ಟೇ ಪ್ರಶ್ನೆ. ಕೊನೆಗೆ, ಎದ್ದು ಹೊರಡುವ ಮೊದಲು, ದೂರದ ನೆಂಟರ ಕ್ಷೇಮ ವಿಚಾರಿಸುವ ದನಿಯಲ್ಲಿ ‘ಆ ಮಾತಾಡುವವರು ಹೇಗಿದ್ದಾರೆ?’ ಎನ್ನುವರು. ಅವನು ‘ದೂರ ಹೋಗಿದ್ದಾರೆ’ ಅನ್ನುವನು, ಇಲ್ಲವೇ ‘ಇವತ್ತು ಜೋರು’. ಕಿವಿಯಲ್ಲಿ ಕೇಳುವ ಧ್ವನಿಯ ಬಗ್ಗೆ ಅವನು ನಮ್ಮ ಮನೆಯಲ್ಲಿ ಯಾರೊಂದಿಗೂ ಹೀಗೆ ಹೇಳಿಕೊಂಡಿರಲಿಲ್ಲ.

ಅವನ ಅಂಗಿಯ ಗುಂಡಿ ಎಳೆಯುತ್ತಿರುವುದನ್ನು ಮೊದಲು ಗಮನಿಸಿದವರೂ ಅವರೇ. ಆಗ ಅವನಿಗೆ ಕೊಡುತ್ತಿದ್ದ ಒಲಾಂಜಪಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಹಸಿವು ಹೆಚ್ಚಿ ತೂಕ ಏರುತ್ತದೆ, ಸಕ್ಕರೆ ಕಾಯಿಲೆ ಬರುವ ಸಂಭವವೂ ಇದೆ ಎಂದು ಅಲ್ಲಿಯ ತನಕ ನಮಗೆ ಯಾರೂ ಹೇಳಿರಲಿಲ್ಲ. ಮುಂದಿನ ಕ್ಲಿನಿಕ್ಕಿನಲ್ಲಿ ವೈದ್ಯರು ತೂಕ ನೋಡಿ, ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಮಾಡಿಸಿ, ನಿಧಾನವಾಗಿ ಬೇರೆ ಮಾತ್ರೆಗೆ ಬದಲಿಸಿದರು.

ಒಂದು ಸಂಗತಿಯನ್ನು ಬಿಡಿಸಿ ಹೇಳಲೇಬೇಕು. ಕಾಯಿಲೆ ಶುರುವಾದ ವರ್ಷದಿಂದ ನಮ್ಮ ಅತ್ತೆ ಮನೆಯ ಕತ್ತಿಗಳನ್ನೆಲ್ಲ ಅಟ್ಟ ಸೇರಿಸಿದ್ದರು. ಸುಗ್ಗಿಯಲ್ಲಿ ಊರವರೆಲ್ಲ ರಾತ್ರಿ ಜಗುಲಿಯಲ್ಲಿ ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುವಾಗ, ಒಂದು ಕಾಲದಲ್ಲಿ ಎಲ್ಲರಿಗಿಂತ ಚುರುಕಾಗಿ ಸುಲಿಯುತ್ತಿದ್ದ ಮೈದುನ ಒಳಗೆ ಮಲಗಿರುತ್ತಿದ್ದ. ಅಕ್ಕೋರು ಅತ್ತೆಯನ್ನು ಕೇಳಿದರು: ‘ಅಮ್ಮಾ, ಅವರು ಯಾವತ್ತಾದರೂ ಯಾರ ಮೇಲಾದರೂ ಕೈ ಮಾಡಿದ್ದಾರೆಯೇ?’ ಇಲ್ಲ. ಈ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಯಾರಿಗೂ ತೊಂದರೆ ಕೊಡುವವರಲ್ಲ, ಬೇರೆಯವರಿಂದ ತೊಂದರೆ ಪಡುವವರು ಎಂದು ಅವರು ವಿವರಿಸಿದರು. ಅತ್ತೆ ಏನೂ ಹೇಳಲಿಲ್ಲ. ದೇವರಿಗೆ ಹೇಳಿಕೊಂಡ ಹರಕೆಯನ್ನು ಬಿಡಿ ಎಂದು ಈ ಹೆಂಗಸು ಒಮ್ಮೆಯೂ ಅನ್ನದೆ, ‘ಹರಕೆಯೂ ಇರಲಿ, ಮಾತ್ರೆಯೂ ಇರಲಿ’ ಅಂದಿದ್ದರಿಂದ ಅವರ ಮಾತಿಗೆ ಅತ್ತೆಯ ಹತ್ತಿರ ಬೆಲೆ ಇತ್ತು. ಮುಂದಿನ ಭೇಟಿಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಕೆಳಗಿಳಿದಿತ್ತು. ಅಕ್ಕೋರು ತಾವೇ ಹಲಗೆ ಮೆಟ್ಟಿಕೊಂಡು ಕೂತರು. ಸುಲಿಯಲು ಬಾರದು, ಸಿಪ್ಪೆಯ ಜೊತೆ ಅಡಿಕೆಯೂ ಸೀಳಿಹೋಯಿತು. ಮೈದುನ ಎದ್ದು ಬಂದು, ‘ಹಾಗಲ್ಲ ಅಕ್ಕೋರೇ, ಹೆಬ್ಬೆರಳು ಹಿಂದೆ ಇರಲಿ’ ಎಂದು ಒಂದನ್ನು ಕೈಗೆತ್ತಿಕೊಂಡ. ಆ ವರ್ಷದಿಂದ ಅವನು ಸಾಲಿನಲ್ಲಿ ಕೂರುತ್ತಾನೆ, ಎಲ್ಲರಂತೆ ಅಳತೆ ಲೆಕ್ಕದಲ್ಲಿ ಕೂಲಿ ಪಡೆಯುತ್ತಾನೆ.

ಇಂಥವರನ್ನು ಒಂದು ಮಾರ್ಚ್ ತಿಂಗಳಲ್ಲಿ ಕಳೆದುಕೊಂಡೆವು. ದಾನಿಗಳ ಯೋಜನೆ ಮುಗಿದಿದೆ, ಹೊಸ ಯೋಜನೆಯಡಿ ಬೇರೆ ಕಾರ್ಯಕರ್ತರು ಬರುತ್ತಾರೆ ಎಂದು ಮೊಬೈಲಿಗೆ ಒಂದು ಸಂದೇಶ ಬಂತು. ಅಕ್ಕೋರಿಗೆ ವಿದಾಯ ಹೇಳಲು ಒಂದು ಭೇಟಿಯೂ ಸಿಗಲಿಲ್ಲ. ಹೊಸಬರು ಬಂದು ಟ್ಯಾಬ್ ತೆರೆದು ಮೊದಲಿನಿಂದ ಶುರು ಮಾಡಿದರು. ಕಾಯಿಲೆ ಯಾವಾಗ ಬಂತು, ಧ್ವನಿ ಕೇಳುತ್ತದೆಯೇ, ಏನನ್ನುತ್ತದೆ, ಸಾಯುವ ಯೋಚನೆ ಬಂದಿತ್ತೇ. ಅಂದು ಹುಲ್ಲು ಕೇಳಲು ಬಂದಿದ್ದ ನೆರೆಮನೆಯವರೂ ಜಗುಲಿಯಲ್ಲೇ ಇದ್ದರು. ಮೈದುನ ಎದ್ದು ಕೊಟ್ಟಿಗೆಗೆ ಹೋದ. ಮುಂದಿನ ಭೇಟಿಯ ದಿನ ತೋಟದಿಂದ ಮೇಲೆ ಬರಲೇ ಇಲ್ಲ. ಡಬ್ಬಿಗೆ ಹೊಸ ಖಾಲಿ ಪಟ್ಟಿ ಬೀಳುವುದು ನಿಂತಿತು.

ಮಳೆ ಹಿಡಿಯುವ ಹೊತ್ತಿಗೆ ಅವನಿಗೆ ನಿದ್ದೆಯೇ ಇಲ್ಲವಾಯಿತು. ಒಂದು ರಾತ್ರಿ ಅಂಗಳದಲ್ಲಿ ನಿಂತು ಕತ್ತಲೆಗೆ ಉತ್ತರ ಕೊಡುತ್ತಿದ್ದ. ಸಂಸ್ಥೆಯ ಫೋನ್ ಕಚೇರಿಯ ಸಮಯದಲ್ಲಿ ಮಾತ್ರ. ಯಜಮಾನರು ಬ್ಯಾಟರಿ ಹಿಡಿದು, ಸಿಗ್ನಲ್ ಸಿಗುವ ಗುಡ್ಡ ಹತ್ತಿ 14416ಕ್ಕೆ ಕರೆ ಮಾಡಿದರು. ಅದು 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಧ್ವನಿ ಸುಳ್ಳೆಂದು ವಾದಕ್ಕೆ ಇಳಿಯಬೇಡಿ, ಸುತ್ತ ಗದ್ದಲ ಬೇಡ, ಒಬ್ಬರು ಹತ್ತಿರ ಇರಿ, ಬೆಳಗ್ಗೆ ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎಂದು ಆಚೆಯವರು ಸಮಾಧಾನದಿಂದ ಹೇಳಿದರು. ನಮ್ಮಂಥ ಮನೆಯವರೆಲ್ಲ ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಬೇಕು.

ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಮಾತ್ರೆಗೆ ಲೆಕ್ಕವಿದೆ, ವೈದ್ಯರ ಸಮಯಕ್ಕೆ ಲೆಕ್ಕವಿದೆ, ಎಷ್ಟು ಫಲಾನುಭವಿಗಳು ಎಂಬುದಕ್ಕೆ ವರದಿ ಇದೆ. ಬೆಳೆದ ಪರಿಚಯಕ್ಕೆ ಯಾವ ಖಾತೆಯೂ ಇಲ್ಲ. ದಾನಿಗಳು ವರ್ಷದ ಲೆಕ್ಕದಲ್ಲಿ ಹಣ ಕೊಡುತ್ತಾರೆ, ಈ ಕಾಯಿಲೆಯವರು ಒಬ್ಬರನ್ನು ನಂಬಲು ವರ್ಷಗಳನ್ನೇ ತೆಗೆದುಕೊಳ್ಳುತ್ತಾರೆ. ಹೊಸದಾಗಿ ಬಂದವರ ಮೇಲೆ ನನಗೆ ಕೋಪವಿಲ್ಲ. ಅವರ ಕೈಗೆ ಟ್ಯಾಬ್ ಕೊಟ್ಟು, ಜೊತೆಗೆ ಯಾರನ್ನೂ ಕೊಡದೆ ಕಳಿಸಿದ್ದು ತಪ್ಪು. ಇದನ್ನೆಲ್ಲ ಬರೆದು ಕಚೇರಿಗೆ ಪತ್ರ ಹಾಕಿದೆ.

ಸಂಯೋಜಕರು ಉತ್ತರ ಕಳಿಸುವ ಬದಲು ತಾವೇ ಬಂದರು. ಜಗುಲಿಯಲ್ಲಿ ಕೂತು ಪೂರ್ತಿ ಕೇಳಿದರು. ಕಾರ್ಯಕರ್ತರು ಬದಲಾಗುವುದಿಲ್ಲ ಎಂಬ ಭರವಸೆ ಕೊಡಲಿಲ್ಲ, ಕೊಟ್ಟಿದ್ದರೆ ನಾನೂ ನಂಬುತ್ತಿರಲಿಲ್ಲ. ಮೈದುನನನ್ನೇ, ‘ಹೊಸಬರು ಬಂದರೆ ಅವರಿಗೆ ಏನು ಗೊತ್ತಿರಬೇಕು?’ ಎಂದು ಕೇಳಿ, ಒಂದು ನೋಟ್‌ಬುಕ್ ಅವನ ಮುಂದಿಟ್ಟರು. ಅದು ಈಗಲೂ ನಮ್ಮ ಮನೆಯಲ್ಲೇ ಇರುತ್ತದೆ. ಮೊದಲ ಪುಟ ಅವನ ಕೈಬರಹದಲ್ಲಿದೆ: ‘ನನಗೆ ಧ್ವನಿ ಕೇಳುತ್ತದೆ. ಜನರ ಎದುರು ಅದನ್ನು ಕೇಳಬೇಡಿ. ಮೊದಲು ತೋಟದ ವಿಷಯ ಕೇಳಿ.’ ಅದರ ಹಿಂದೆಯೇ ಇನ್ನೊಂದು ಕಾಗದವಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ, ತನಗೆ ನಿರ್ಧಾರ ಮಾಡಲಾಗದ ಹೊತ್ತಿನಲ್ಲಿ ಯಾರು ತನ್ನ ಪರವಾಗಿ ನಿಲ್ಲಬೇಕೆಂದು ವ್ಯಕ್ತಿಯೇ ಮೊದಲು ಬರೆದಿಡಬಹುದು. ಅವನು ಅಣ್ಣನ ಹೆಸರು ಬರೆಯುತ್ತಾನೆ ಎಂದುಕೊಂಡಿದ್ದೆವು. ‘ಅತ್ತಿಗೆ’ ಎಂದು ಬರೆದು, ಮುಂದೆ ನನ್ನ ಹೆಸರು ಸೇರಿಸಿದ್ದಾನೆ.

ಆಮೇಲೂ ಒಮ್ಮೆ ಕಾರ್ಯಕರ್ತರು ಬದಲಾದರು. ಆದರೆ ಆ ಸಲ ಹೋಗುವವರೂ ಬರುವವರೂ ಕೆಲವು ತಿಂಗಳು ಜೊತೆಯಾಗಿ ಬಂದರು. ಈಗಿನವನು ಚಿಕ್ಕ ಹುಡುಗ, ಮೈದುನ ಅವನನ್ನು ‘ಮಾಣಿ’ ಎಂದೇ ಕರೆಯುತ್ತಾನೆ, ನಮ್ಮ ಕಡೆ ಹುಡುಗ ಎಂದರ್ಥ. ನೋಟ್‌ಬುಕ್ ಓದಿಕೊಂಡೇ ಮಾತಿಗೆ ಕೂರುತ್ತಾನೆ. ಡಬ್ಬಿ ತುಂಬುತ್ತಿದೆ.

ಉಳಿದವು ಸಣ್ಣವು. ಕ್ಲಿನಿಕ್ಕಿನ ದಿನ ಬೇಗ ಹೋದರೆ ಒಳ್ಳೆಯದು, ಮಧ್ಯಾಹ್ನಕ್ಕೆ ಕೆಲವು ಮಾತ್ರೆ ಮುಗಿದಿರುತ್ತವೆ. ಮನೆಯವರಿಗಾಗಿ ನಡೆಯುವ ಸಭೆ ನನಗೆ ತುಂಬಾ ಉಪಕಾರವಾಗಿದೆ, ಹಾಲು ಕರೆಯುವ ಹೊತ್ತಿಗೆ ಇಡದಿದ್ದರೆ ಇನ್ನಷ್ಟು ಹೆಂಗಸರು ಬರುತ್ತಾರೆ. ತುರ್ತು ಪರಿಸ್ಥಿತಿಗೆ ಈ ಸಂಸ್ಥೆಯನ್ನು ನೆಚ್ಚಿಕೊಳ್ಳುವಂತಿಲ್ಲ. ವರ್ಷಗಟ್ಟಲೆ ನಡೆಯುವ ಕಾಯಿಲೆಗೆ, ಸಂಜೆಯ ಮೇಲೆ ಬಸ್ಸಿಲ್ಲದ ಊರಿನವರಿಗೆ, ನಮ್ಮಷ್ಟೇ ಆದಾಯದ ಮನೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ.

ದೇಣಿಗೆ ಕೊಡುವವರು ‘ಕಾರ್ಯಕರ್ತರ ಸಂಬಳಕ್ಕೆ’ ಎಂದು ಸ್ಪಷ್ಟವಾಗಿ ಬರೆದು ಕೊಡಿ. ಹಾಗೆ ಬರೆದ ಹಣವನ್ನು ಅದಕ್ಕೇ ಬಳಸುವುದಾಗಿ ಸಂಯೋಜಕರು ಹೇಳಿದ್ದಾರೆ. ಅಡಿಕೆ ಮಾರಿದಾಗ ನಾವೂ ಹಾಗೆಯೇ ಕೊಡುತ್ತೇವೆ, ಕಳೆದ ಸಲ ಅದರಲ್ಲಿ ಮೈದುನ ಅಡಿಕೆ ಸುಲಿದು ಪಡೆದ ಕೂಲಿಯ ಪಾಲೂ ಇತ್ತು.